ಹೊಟ್ಟೆಯ ಮೇಲಿನ ಬರೆ

ಅಂಗಿ ಎತ್ತಿದರೆ ಮೊದಲು ಕಾಣುವುದು ಬರೆ. ಹೊಕ್ಕಳಿನ ಎಡಕ್ಕೆ, ಕಾಸಿದ ಸರಳಿನಿಂದ ಎಳೆದ ಎರಡು ಮೂರು ಗೆರೆ. ಅಲ್ಲಿ ಕೈಯಿಟ್ಟು ಒತ್ತಿದರೆ ಗುಲ್ಮ ಹೊಕ್ಕಳವರೆಗೆ ಇಳಿದಿರುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ. ಊರಲ್ಲಿ ಬಾಲಗ್ರಹ ಎಂದಿದ್ದಾರೆ, ಪೇಟೆಯ ದವಾಖಾನೆಯಲ್ಲಿ ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟಿದ್ದಾರೆ. ಗೌಚರ್ ಎಂಬ ಕಾಯಿಲೆಯ ಮಗು ನಮ್ಮ ಕಡೆ ವೈದ್ಯರ ಮುಂದೆ ಬಂದು ಕೂರುವುದು ಹೀಗೆ. ದೇಹದೊಳಗಿನ ಒಂದು ಬಗೆಯ ಕೊಬ್ಬನ್ನು ಒಡೆಯುವ ಕಿಣ್ವವೇ ಅದಕ್ಕೆ ಸಾಲದು. ಒಡೆಯದ ಕೊಬ್ಬು ಗುಲ್ಮ, ಯಕೃತ್ತು, ಮೂಳೆಯ ಮಜ್ಜೆಯಲ್ಲಿ ತುಂಬಿಕೊಳ್ಳುತ್ತ ಹೋಗುತ್ತದೆ.

ಕೇಂದ್ರ ಸರ್ಕಾರದ ‘ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ’ ಇಂಥ ಮಕ್ಕಳಿಗಾಗಿಯೇ ಬಂದದ್ದು. 2017ರ ಮೊದಲ ನೀತಿಯನ್ನು ಮರುವರ್ಷ ತಡೆಹಿಡಿದು, ತಿದ್ದಿ, 2021ರ ಮಾರ್ಚ್‌ನಲ್ಲಿ ಹೊಸದಾಗಿ ಹೊರಡಿಸಿದರು. ಅದನ್ನು ದೆಹಲಿಯ ಕಣ್ಣಿನಿಂದಲ್ಲ, ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಣ್ಣಿನಿಂದ ಓದಬೇಕೆಂಬುದು ನನ್ನ ಹಟ.

ನೀತಿಯ ಒಳ್ಳೆಯತನವನ್ನು ಮೊದಲು ಒಪ್ಪುತ್ತೇನೆ. ಒಮ್ಮೆ ಚಿಕಿತ್ಸೆ ಕೊಟ್ಟರೆ ವಾಸಿಯಾಗುವವು, ಕಡಿಮೆ ಖರ್ಚಿನಲ್ಲಿ ದೀರ್ಘಕಾಲ ನೋಡಿಕೊಳ್ಳಬಹುದಾದವು, ಔಷಧವಿದ್ದರೂ ಬೆಲೆ ಕೈಗೆಟುಕದವು ಎಂದು ಕಾಯಿಲೆಗಳನ್ನು ಮೂರು ಗುಂಪು ಮಾಡಿದ್ದಾರೆ. ಮೊದಲ ಗುಂಪಿಗೆ ಮಾತ್ರ ಇದ್ದ 20 ಲಕ್ಷ ರೂಪಾಯಿ ನೆರವನ್ನು 2022ರಲ್ಲಿ ಮೂರೂ ಗುಂಪುಗಳಿಗೆ 50 ಲಕ್ಷದವರೆಗೆ ಏರಿಸಿದರು. ಬರೀ ‘ವಿಚಿತ್ರ ಕಾಯಿಲೆ’ ಎಂದು ಪತ್ರಿಕೆಯ ಮೂಲೆಯಲ್ಲಿ ಸುದ್ದಿಯಾಗುತ್ತಿದ್ದ ಮಕ್ಕಳು ಸರ್ಕಾರದ ಲೆಕ್ಕಕ್ಕೆ ಸೇರಿದ್ದು ಸಣ್ಣ ಮಾತಲ್ಲ.

ಆದರೆ ಈ ದುಡ್ಡು ಎಷ್ಟು ದಿನ ಬಂದೀತು? ಹತ್ತು ಕಿಲೋ ತೂಕದ ಮಗುವಿಗೆ ಕೆಲವು ಕಾಯಿಲೆಗಳ ಔಷಧಕ್ಕೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿಗೂ ಮೀರಿ ಬೀಳಬಹುದೆಂದು ಅದೇ ನೀತಿ ಹೇಳುತ್ತದೆ. ಔಷಧ ಜೀವನಪರ್ಯಂತ ಬೇಕು. ಪ್ರಮಾಣ ತೂಕದ ಮೇಲೆ, ಮಗು ಬೆಳೆದಷ್ಟೂ ಖರ್ಚು ಬೆಳೆಯುತ್ತದೆ. ಉಳಿದದ್ದಕ್ಕೆ ಜಾಲತಾಣದಲ್ಲಿ ದಾನಿಗಳನ್ನು ಹುಡುಕುವ ವ್ಯವಸ್ಥೆ. ಮಗುವಿನ ಉಸಿರನ್ನು ದಾನಿಯ ಮನಸ್ಸಿಗೆ ಬಿಡುವುದನ್ನು ನೀತಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಇನ್ನು ದಾರಿ. ಈ ನೀತಿಯಡಿ ಕರ್ನಾಟಕಕ್ಕೆ ಗೊತ್ತುಮಾಡಿದ ಕೇಂದ್ರ ಬೆಂಗಳೂರಿನಲ್ಲಿದೆ: ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿದ ಮಾನವ ತಳಿವಿಜ್ಞಾನ ಕೇಂದ್ರ. ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ 500 ಕಿಲೋಮೀಟರಿಗೂ ಹೆಚ್ಚು ದಾರಿ. ಹೋಗಿ ಬರಲು ಮೂರು ದಿನದ ಕೂಲಿ ಹೋಯಿತು. ಅದೂ ಹೋಗಲಿ, ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದರೆ ಸಾಲ ಮಾಡಿಯಾದರೂ ಹೋಗುವ ಜನ ನಮ್ಮವರು.

ನನ್ನ ದೊಡ್ಡ ತಕರಾರು ಇಲ್ಲೇ ಇದೆ. ನೆರವು ಶುರುವಾಗುವುದು ಕಾಯಿಲೆಗೆ ಹೆಸರು ಸಿಕ್ಕ ಮೇಲೆ. ನಮ್ಮ ತಾಲ್ಲೂಕುಗಳ ಸಂಕಟವೆಲ್ಲ ಆ ಹೆಸರು ಸಿಗುವ ಮೊದಲಿನದು. ಮಗುವಿನ ತಾಯಿಗೆ ಒಂದು ಪ್ರಶ್ನೆ ಕೇಳಿ ನೋಡಿ:

“ಯಾವ ಸಂಬಂಧದಾಗ ಲಗ್ನಾ ಆಗೇದ ತಂಗಿ?”

“ಸೋದರಮಾವಗ ಕೊಟ್ಟಾರ್ರಿ. ಮೊದಲಿಂದೂ ಹಿಂಗ ಹೊಟ್ಟಿ ಬಂದು ಹೋತ್ರಿ.”

ಎರಡು ಸಾಲಿನ ಈ ಮಾತಿನಲ್ಲಿ ಅರ್ಧ ರೋಗನಿರ್ಣಯ ಮುಗಿದಿದೆ. ಕೇಳಿದರೆ ಸಾಕಿತ್ತು. ಗೌಚರ್‌ನಂಥ ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಲ್ಲೂ ಅದೇ ದೋಷದ ವಂಶವಾಹಿ ಇರಬೇಕು. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ ಮತ್ತು ಅಕ್ಕನ ಮಗಳ ವಂಶವಾಹಿಗಳಲ್ಲಿ ಕಾಲು ಭಾಗ ಒಂದೇ ಮೂಲದವು, ಆದ್ದರಿಂದ ಇಬ್ಬರಲ್ಲೂ ಒಂದೇ ದೋಷ ಕೂಡಿಬರುವ ಸಂಭವ ಹೆಚ್ಚು. ಇಂಥ ಮದುವೆಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಹೊಲ ಒಡೆಯಬಾರದು, ಅಕ್ಕನ ಮನೆ ದೂರವಾಗಬಾರದು ಎಂಬ ಕಕ್ಕುಲಾತಿಯೂ ಅದರಲ್ಲಿದೆ. ಅದಕ್ಕೇ ತಾಯಿಯನ್ನು ಬಯ್ಯುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು. ಬಯ್ಗಳ ತಿಂದವಳು ಮುಂದಿನ ಬಸಿರಿನಲ್ಲಿ ನಿಮ್ಮ ಹತ್ತಿರ ಬರುವುದಿಲ್ಲ.

ಇದೇನು ನಮಗೆ ಹೊಸ ತಿಳಿವಳಿಕೆಯೂ ಅಲ್ಲ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ್ದರು. ಸರಿಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ವಂಶದ ಕಾಯಿಲೆಗೆ ಹೆಸರು ತಡವಾಗಿ ಸಿಕ್ಕಿದ್ದನ್ನೂ ಕಂಡಿದ್ದೇವೆ: ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು ಸವೆದು ಜನ ತೆವಳತೊಡಗಿದಾಗ ಗದ್ದೆಯ ಏಡಿ, ಕೀಟನಾಶಕದ ಮೇಲೆ ಅನುಮಾನ ಹೋಯಿತು. ವಂಶದಲ್ಲಿ ಹರಿದು ಬರುವ ಮೂಳೆಯ ಕಾಯಿಲೆ ಎಂಬುದು ಸ್ಪಷ್ಟವಾಗಲು ಕಾಲ ಹಿಡಿಯಿತು.

ಇಂಥ ಮಗುವನ್ನು ಬೇಗ ಗುರುತಿಸಲು ತಾಲ್ಲೂಕಿನಲ್ಲಿ ಜನ ಇಲ್ಲವೇ? ಇದ್ದಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅಂಗಿ ಎತ್ತಿ ಹೊಟ್ಟೆ ಮುಟ್ಟಿ ನೋಡುವ ಅವಕಾಶ ಇರುವುದು ಅವರಿಗೆ.

ಗೌಚರ್‌ನ ಮೊದಲ ಪರೀಕ್ಷೆಗೆ ಮಗು ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಕೆಲವೇ ಹನಿ ರಕ್ತವನ್ನು ಸೋಸುಕಾಗದದ ಮೇಲೆ ಬೀಳಿಸಿ, ಬಿಸಿಲು ತಾಗದಂತೆ ಒಣಗಿಸಿ, ಲಕೋಟೆಯಲ್ಲಿ ಹಾಕಿ ಕಳಿಸಬಹುದು. ಖಚಿತಪಡಿಸಲು ಮತ್ತೊಂದು ಪರೀಕ್ಷೆ ಬೇಕು, ನಿಜ. ಆದರೆ ಅಷ್ಟರಲ್ಲಿ ರೈಲು ಹತ್ತಬೇಕೋ ಬೇಡವೋ ಗೊತ್ತಾಗಿರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸರ್ಕಾರಿ ದವಾಖಾನೆಗಳಲ್ಲಿ ಆ ಕಾಗದ ಇರುವಂತೆ ಮಾಡಿ. ಹೊಟ್ಟೆ ಊದಿದ ಮಗು ಬಂದರೆ ಟಾನಿಕ್ ಬರೆಯುವ ಮೊದಲು ಮೂರು ತಲೆಮಾರಿನ ಸಂಬಂಧವನ್ನು ಚೀಟಿಯಲ್ಲಿ ಬರೆದುಕೊಳ್ಳಿ.