ಮೆಟ್ಟಿಲಿಳಿಯುವ ನೀರು: ಬೃಂದಾವನವನ್ನು ಮತ್ತೊಮ್ಮೆ ನೋಡುವಾಗ

ಬೃಂದಾವನ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲಾ ಪ್ರವಾಸದ ಕೊನೆಯ ಸಂಜೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಎಲ್ಲ ಮುಗಿಸಿ, ದಣಿದ ಕಾಲೆಳೆದುಕೊಂಡು ಕೃಷ್ಣರಾಜಸಾಗರಕ್ಕೆ ಬರುತ್ತೇವೆ. ಮೇಷ್ಟ್ರು ಅವಸರಪಡಿಸುತ್ತಾರೆ. ಓಡೋಡಿ ಸೇತುವೆ ದಾಟಿ ಸಂಗೀತ ಕಾರಂಜಿಯ ಮುಂದೆ ಜಾಗ ಹಿಡಿಯುತ್ತೇವೆ. ಹಾಡು ಮುಗಿದ ಕೂಡಲೇ ಮತ್ತೆ ಬಸ್ಸಿಗೆ ಓಟ. ಹೀಗೆ ಆ ತೋಟವನ್ನು ನಾವು ಎಷ್ಟೋ ಸಲ ದಾಟಿದ್ದೇವೆ, ನೋಡಿದ್ದು ಕಡಿಮೆ.

ಈಗ ನೋಡಲೇಬೇಕಾದ ಕಾಲ ಬಂದಿದೆ. 2018ರಲ್ಲಿ ಅಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ವಿಹಾರ ತಾಣವನ್ನೂ 125 ಅಡಿ ಎತ್ತರದ ಕಾವೇರಿ ಪ್ರತಿಮೆಯನ್ನೂ ನಿರ್ಮಿಸುವ ಮಾತು ಕೇಳಿಬಂತು. 2024ರ ರಾಜ್ಯ ಬಜೆಟ್ಟಿನಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಬೃಂದಾವನವನ್ನು ವಿಶ್ವದರ್ಜೆಗೆ ಏರಿಸುವ ಘೋಷಣೆ ಬಂತು. 2025ರಲ್ಲಿ ಕಾವೇರಿ ಆರತಿ ಮತ್ತು ಮನರಂಜನಾ ಪಾರ್ಕಿನ ಪ್ರಸ್ತಾಪಗಳನ್ನು ಮಂಡ್ಯದ ರೈತ ಸಂಘಟನೆಗಳು ವಿರೋಧಿಸಿದವು. ಅಣೆಕಟ್ಟೆಯ ಸುರಕ್ಷತೆಯ ಬಗ್ಗೆ ರೈತರು ಎತ್ತಿದ ಪ್ರಶ್ನೆಗಳು ನ್ಯಾಯವಾದವು. ಆದರೆ ಈ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ. ಈಗಿರುವ ತೋಟ ಎಂಥದ್ದು? ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು? ಅದು ಬರೀ ಖಾಲಿ ಜಾಗವೇ, ಅಥವಾ ಒಂದು ಕೃತಿಯೇ? ಕೃತಿಯಾದರೆ ಕಾವ್ಯವನ್ನೋ ಚಿತ್ರವನ್ನೋ ವಿಮರ್ಶಿಸುವಂತೆ ಅದರ ಗುಣದೋಷಗಳನ್ನೂ ಮಾತಾಡಬೇಕಾಗುತ್ತದೆ.

ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ತಪ್ಪದೆ ನೀರು ಸಿಗಬೇಕು, ಮಂಡ್ಯದ ಒಣಭೂಮಿಗೆ ನಾಲೆ ಹರಿಯಬೇಕು ಎಂಬುದು ಅದರ ಉದ್ದೇಶ. ಕಟ್ಟೆಯ ಬುಡದಲ್ಲಿ ತೋಟ ಮಾಡುವ ಯೋಚನೆ ಬಂದದ್ದು ಆಮೇಲೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅದರ ಹಿಂದಿನ ಪ್ರೇರಣೆ. ಕಾಶ್ಮೀರದ ಶಾಲಿಮಾರ್ ಬಾಗ್ ಅವರ ಕಣ್ಣ ಮುಂದಿನ ಮಾದರಿ. 1927ರಲ್ಲಿ ಆರಂಭವಾದ ಕೆಲಸ 1932ರ ಹೊತ್ತಿಗೆ ಮುಗಿಯಿತು. ಜರ್ಮನಿಯ ಡ್ರೆಸ್ಡನ್ ಸಮೀಪ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿಯವರೇ ಆಗಿಹೋದ ಕ್ರುಂಬಿಗಲ್, ಅವರ ನಂತರ ಲಾಲ್‌ಬಾಗಿನ ಹೊಣೆ ಹೊತ್ತ ಎಚ್.ಸಿ. ಜವರಾಯ, ಇವರ ಕೈಗುಣ ಈ ತೋಟದಲ್ಲಿದೆ. ಮೊದಲು ಅದಕ್ಕಿದ್ದ ಹೆಸರು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್. ಆ ಹೆಸರಿನಲ್ಲೇ ತೋಟದ ವಿನ್ಯಾಸವಿದೆ. ಇದು ಮೆಟ್ಟಿಲುಗಳ ತೋಟ.

ಮೊಘಲರ ತೋಟದ ಮೂಲರೂಪ ಚಾರ್‌ಬಾಗ್. ಚೌಕಾಕಾರದ ನೆಲ, ನಡುವೆ ಅಡ್ಡಹಾಯುವ ನೀರಿನ ಕಾಲುವೆಗಳು, ಅವುಗಳಿಂದ ನಾಲ್ಕು ಪಾಲಾದ ಹಸಿರು. ಮರಳುಗಾಡಿನ ಅಂಚಿನಲ್ಲಿ ಬಾಳಿದ ಜನ ಸ್ವರ್ಗವನ್ನು ಹರಿಯುವ ನೀರು ಮತ್ತು ನೆರಳಿನ ತೋಟವಾಗಿ ಕಲ್ಪಿಸಿಕೊಂಡರೆ ಆಶ್ಚರ್ಯವಿಲ್ಲ. ಬಯಲು ಸೀಮೆಯ ಈ ರೂಪ ಕಾಶ್ಮೀರಕ್ಕೆ ಬಂದಾಗ ಬೆಟ್ಟದ ಇಳಿಜಾರಿಗೆ ಒಗ್ಗಿಕೊಂಡು ಉದ್ದಕ್ಕೆ ಚಾಚಿತು, ಅಂತಸ್ತುಗಳಾಗಿ ಒಡೆಯಿತು. 1619ರಲ್ಲಿ ಜಹಾಂಗೀರನ ಕಾಲದಲ್ಲಿ ಆರಂಭವಾದ ಶಾಲಿಮಾರಿನಲ್ಲಿ ಬೆಟ್ಟದ ನೀರು ಅಂತಸ್ತಿನಿಂದ ಅಂತಸ್ತಿಗೆ ಧುಮುಕುತ್ತಾ ದಾಲ್ ಸರೋವರದ ಕಡೆಗೆ ಇಳಿಯುತ್ತದೆ. ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಆ ಒತ್ತಡಕ್ಕೆ ತಾನೇ ಚಿಮ್ಮುತ್ತದೆ.

ಮಿರ್ಜಾ ಅವರ ಜಾಣತನ ಇರುವುದು ಇಲ್ಲಿ. ಮಂಡ್ಯದ ಸೀಮೆಯಲ್ಲಿ ಹಿಮದ ಬೆಟ್ಟ ಎಲ್ಲಿಂದ ಬರಬೇಕು? ಆದರೆ 130 ಅಡಿ ಎತ್ತರದ ಕಲ್ಲಿನ ಕಟ್ಟೆ ಇತ್ತು, ಅದರ ಹಿಂದೆ ಒಂದು ಕಡಲಿನಷ್ಟು ನೀರಿತ್ತು. ಕಟ್ಟೆಯೇ ಬೆಟ್ಟವಾಯಿತು, ಜಲಾಶಯವೇ ಹಿಮವಾಯಿತು. ಈ ತೋಟವನ್ನು ಕಿತ್ತು ಬೇರೆ ಊರಿನಲ್ಲಿ ಇಡಲು ಬರುವುದಿಲ್ಲ. ಕಟ್ಟೆಯ ಮೇಲಿನಿಂದ ನೋಡಿದರೆ ನಡುವಿನ ಕಾಲುವೆ, ಎರಡೂ ಬದಿಯ ಹುಲ್ಲುಹಾಸು, ಕತ್ತರಿಸಿ ರೂಪಕೊಟ್ಟ ಗಿಡಗಳು ಒಂದೇ ಗೆರೆಯಲ್ಲಿ ಕೆಳಗಿಳಿಯುತ್ತಾ ಹೋಗುತ್ತವೆ. ಅಷ್ಟು ದೊಡ್ಡ ಕಟ್ಟೆಯ ಒರಟುತನವನ್ನು ಮೆಲ್ಲಗೆ ಕರಗಿಸಿ ನೆಲಕ್ಕೆ ತಂದು ಕೂರಿಸುವ ಕೆಲಸವನ್ನು ಈ ಮೆಟ್ಟಿಲುಗಳು ಮಾಡಿವೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಶಾಲಿಮಾರಿನ ಮೆಟ್ಟಿಲುಗಳು ಅಧಿಕಾರದ ಮೆಟ್ಟಿಲುಗಳೂ ಆಗಿದ್ದವು. ಕೆಳಗಿನ ಅಂತಸ್ತು ದಿವಾನ್-ಎ-ಆಮ್, ಸಾಮಾನ್ಯರು ಬಾದಶಹನನ್ನು ಕಾಣುವ ಜಾಗ. ಅದರ ಮೇಲಿನದು ಆಪ್ತರಿಗೆ ಮೀಸಲು. ಎಲ್ಲಕ್ಕಿಂತ ಮೇಲಿನದು ಜನಾನಾ. ನೀರು ಮೇಲಿನಿಂದ ಕೆಳಗೆ ಇಳಿದು ಬರುತ್ತಿತ್ತು, ಪ್ರಜೆ ಮಾತ್ರ ಕೆಳಗಿನಿಂದ ಮೇಲೆ ಏರುವಂತಿರಲಿಲ್ಲ. ಬೃಂದಾವನ ಅದೇ ಆಕಾರವನ್ನು ತಂದಿತು, ಆ ಬೇಲಿಗಳನ್ನು ತರಲಿಲ್ಲ. ಇಲ್ಲಿ ಯಾವ ಅಂತಸ್ತೂ ಯಾರಿಗೂ ಮೀಸಲಲ್ಲ. ಇಂದಿಗೂ ಒಂದು ಭಾನುವಾರ ಹೋಗಿ ನೋಡಿ. ಚಿತ್ರಾನ್ನದ ಬುತ್ತಿ ಬಿಚ್ಚಿಕೊಂಡ ಒಕ್ಕಲಿಗರ ಕುಟುಂಬ, ಬುರ್ಖಾದ ತುದಿ ಎತ್ತಿಹಿಡಿದು ಮಕ್ಕಳ ಹಿಂದೆ ಓಡುವ ತಾಯಿ, ಉತ್ತರ ಕರ್ನಾಟಕದಿಂದ ಬಂದ ಟೋಪಿಯ ಅಜ್ಜಂದಿರು, ಹೊಸದಾಗಿ ಮದುವೆಯಾದ ಜೋಡಿ, ಎಲ್ಲರೂ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತಾರೆ. ಅರಸರ ತೋಟದ ರೂಪವೊಂದು ಪ್ರಜೆಗಳ ತೋಟವಾದದ್ದು ನಮ್ಮ ವಿನ್ಯಾಸ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಮುಸ್ಲಿಂ ದಿವಾನ, ಹಿಂದೂ ಮಹಾರಾಜ, ಜರ್ಮನ್ ತೋಟಗಾರ, ಮೊಘಲ್ ವಿನ್ಯಾಸ, ಕೃಷ್ಣನ ಊರಿನ ಹೆಸರು. ಇಷ್ಟನ್ನು ಪಟ್ಟಿ ಮಾಡಿ 'ಸೌಹಾರ್ದ' ಎಂದು ಭಾಷಣ ಮುಗಿಸುವುದು ಸುಲಭ. ನಮಗೆ ಅದು ಸಾಲದು. ಅಂದು ಇವರ್ಯಾರೂ ಸೌಹಾರ್ದದ ಪ್ರದರ್ಶನಕ್ಕಾಗಿ ತೋಟ ಕಟ್ಟಲಿಲ್ಲ. ಇಳಿಜಾರು, ನೀರು, ಖರ್ಚು, ಗಿಡ ಇವುಗಳ ಲೆಕ್ಕ ಹಾಕಿದರು. ಒಳ್ಳೆಯದು ಎಲ್ಲಿಂದ ಬಂದರೂ ತೆಗೆದುಕೊಂಡರು. ಮೊಘಲ್ ಎಂಬ ಶಬ್ದವನ್ನೇ ಪಠ್ಯದಿಂದ, ಊರುಗಳ ಹೆಸರಿನಿಂದ ಅಳಿಸುವ ಉತ್ಸಾಹ ಹೆಚ್ಚಿರುವ ಈ ದಿನಗಳಲ್ಲಿ, ಬೃಂದಾವನ ಎಂಬ ಹೆಸರಿನ ಕೆಳಗೆ ಶಾಲಿಮಾರಿನ ನಕ್ಷೆ ತಣ್ಣಗೆ ಮಲಗಿದೆ. ನಾವು ಅದನ್ನು ಎಬ್ಬಿಸಿ ಕೂಗಾಡಬೇಕಿಲ್ಲ. ತಿಳಿದಿದ್ದರೆ ಸಾಕು.

ಹಾಗೆಂದು ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಾಗದು. ಬೃಂದಾವನದ ದೊಡ್ಡ ಕೊರತೆ ನೆರಳು. ಕಾಶ್ಮೀರದ ತೋಟದಲ್ಲಿ ಚಿನಾರ್ ಮರಗಳು ಚಪ್ಪರ ಹಾಕುತ್ತವೆ. ಇಲ್ಲಿ ಗೆರೆ ಕೆಡಬಾರದೆಂದು ಹುಲ್ಲು ಮತ್ತು ಕುಳ್ಳು ಗಿಡಗಳಿಗೆ ಆದ್ಯತೆ ಕೊಟ್ಟದ್ದರಿಂದ ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲಂತಸ್ತುಗಳಲ್ಲಿ ನಿಲ್ಲುವುದೇ ಕಷ್ಟ. ಮಂಡ್ಯದ ಬಿಸಿಲಿಗೆ ಹೊಂಗೆ, ಬೇವು, ಹುಣಸೆಯ ಉತ್ತರವಿತ್ತು. ಮಾದರಿಯ ಮೋಹದಲ್ಲಿ ಅದು ಹಿಂದೆ ಸರಿಯಿತು. ಹೂವಿನ ಪಾತಿ ಕಣ್ಣಿಗೆ ಹಬ್ಬ, ಮೈಗೆ ತಂಪಲ್ಲ. ತೋಟ ಸಂಜೆಗೆ ಮಾತ್ರ ಸೀಮಿತವಾಗಲು ಈ ಕೊರತೆಯೂ ಒಂದು ಕಾರಣ.

ಸಂಗೀತ ಕಾರಂಜಿ ಬಂದು ತೋಟ ಕೆಟ್ಟಿತು ಎಂದು ಹೇಳುವವರಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಬಣ್ಣದ ದೀಪದಲ್ಲಿ ನೀರು ಹೊಳೆಯಿಸುವ ಆಸೆ ಮಿರ್ಜಾ ಕಾಲದ್ದೇ. ವಿದ್ಯುತ್ತಿಗಾಗಿ ಕಟ್ಟಿದ ಕಟ್ಟೆಯ ಕೆಳಗೆ ವಿದ್ಯುತ್ತಿನ ಹಬ್ಬ ಮಾಡಿದ್ದು ತನ್ನ ಸಾಧನೆಯನ್ನು ಜಗತ್ತಿಗೆ ತೋರಿಸಲು ಹೊರಟ ಸಂಸ್ಥಾನಕ್ಕೆ ಸಹಜವೇ ಆಗಿತ್ತು. ವ್ಯತ್ಯಾಸವಿರುವುದು ಜನರನ್ನು ಹೇಗೆ ಕಾಣುತ್ತೇವೆ ಎಂಬಲ್ಲಿ. ಮೆಟ್ಟಿಲುಗಳ ತೋಟ ನಮ್ಮನ್ನು ನಡೆಸುತ್ತದೆ. ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು ಎಂಬುದು ನಮಗೆ ಬಿಟ್ಟದ್ದು. ಕಾರಂಜಿಯ ಮುಂದೆ ನಾವು ಪ್ರೇಕ್ಷಕರು. ಆಟ ಮುಗಿದರೆ ನಮಗಲ್ಲಿ ಕೆಲಸವಿಲ್ಲ.

ಮನರಂಜನಾ ಪಾರ್ಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮನ್ನು ಗಿರಾಕಿಗಳನ್ನಾಗಿ ಮಾಡುತ್ತದೆ. ಹೂಡಿದ ಹಣ ಮರಳಬೇಕಾದರೆ ಜನ ಒಂದೊಂದು ಆಟಕ್ಕೂ ಜೇಬಿಗೆ ಕೈಹಾಕಬೇಕು. ಆಗ ಬುತ್ತಿ ಕಟ್ಟಿಕೊಂಡು ಬಂದವರು ಹೊರಗಿನವರಾಗುತ್ತಾರೆ. ಮಿರ್ಜಾ ಇಳಿಸಿದ್ದ ದಿವಾನ್-ಎ-ಖಾಸ್ ಈ ಸಲ ಟಿಕೆಟಿನ ರೂಪದಲ್ಲಿ ಮತ್ತೆ ಮೇಲೇರಿ ಕೂರುತ್ತದೆ. ಉದ್ಯೋಗ ಬರುತ್ತದೆ, ಊರಿಗೆ ವ್ಯಾಪಾರ ಬರುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಈ ಕಟ್ಟೆಯ ಬುಡವೇ ಆಗಬೇಕೆಂದಿಲ್ಲ. ಪ್ರತಿಮೆಯ ಮಾತೂ ಹಾಗೆಯೇ. ಕಟ್ಟೆಯೇ ಅಷ್ಟೆತ್ತರ ನಿಂತಿರುವಾಗ ಅದರೊಂದಿಗೆ ಪೈಪೋಟಿಗಿಳಿಯುವ ಇನ್ನೊಂದು ಎತ್ತರ ಕಣ್ಣನ್ನು ನೀರಿನಿಂದ ಕದಿಯುತ್ತದೆ, ಅಷ್ಟೆ. ಕಾವೇರಿ ಅಲ್ಲಿ ಸ್ವತಃ ಇದ್ದಾಳೆ.

ಹರಿಯುವ ನದಿಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದು ಎಂಬ ಬೋಧನೆಯನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ನೀರು ಎಷ್ಟಿದೆ ಎಂಬುದಲ್ಲ, ಅದರೆದುರು ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಅದರ ತಿರುಳು. ನಾಲೆಯ ಕೊನೆಯ ರೈತ ನೀರಿಗಾಗಿ ಕಾಯುವ ಜಿಲ್ಲೆಯಲ್ಲಿ ಒಂದು ತೋಟಕ್ಕೂ ಈ ಅಳತೆಗೋಲು ಅನ್ವಯಿಸಬೇಕು.

ಬೃಂದಾವನಕ್ಕೆ ಬೇಕಾದದ್ದು ಬಹಳ ಸಣ್ಣ ಕೆಲಸಗಳು. ಅಂಚುಗಳಲ್ಲಿ ನೆರಳಿನ ಮರ, ಕೂರಲು ಕಲ್ಲುಬೆಂಚು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಮೆಟ್ಟಿಲು ಹತ್ತಲಾಗದ ವೃದ್ಧರಿಗೆ ಇಳಿಜಾರಿನ ದಾರಿ, ಒಡೆದ ಕಾಲುವೆಗಳ ದುರಸ್ತಿ, ತೋಟದ ಚರಿತ್ರೆಯನ್ನು ನಾಲ್ಕು ಸಾಲಿನಲ್ಲಿ ಹೇಳುವ ಒಂದು ಫಲಕ. ಇವಕ್ಕೆ ಸಾವಿರಾರು ಕೋಟಿ ಬೇಡ. ಮುಂದಿನ ಸಲ ಹೋದಾಗ ಸಂಜೆಗೆ ಕಾಯದೆ ಬೆಳಗ್ಗೆಯೇ ಹೋಗೋಣ. ಮೇಲಿನ ಮೆಟ್ಟಿಲಲ್ಲಿ ನಿಂತು, ನೀರು ಇಳಿಯುವ ದಿಕ್ಕಿಗೆ ನಾವೂ ನಿಧಾನಕ್ಕೆ ಇಳಿಯೋಣ.