ಅಜ್ಜಿಯ ಹಿದುಕಿದ ಬೇಳೆ

ಮುಳಬಾಗಿಲು ಸಮೀಪದ ಕುರುಡುಮಲೆಗೆ ಜನ ಬರುವುದು ಆಳೆತ್ತರ ಮೀರಿದ ಏಕಶಿಲಾ ಗಣಪನಿಗಾಗಿ. ನನಗೆ ಆ ಊರೆಂದರೆ ಮೊದಲು ಅಜ್ಜಿ, ಅವಳ ಹಿದುಕಿದ ಬೇಳೆ ಸಾರು. ಮಂಜು ಬಿದ್ದು ಅವರೆಗೆ ಸೊಗಡು ಏರಿದ ಮೇಲೆಯೇ ಅವಳು ಕಾಯಿ ಸುಲಿಯಲು ಕೂರುತ್ತಿದ್ದಳು. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಒತ್ತಿದರೆ ಬೇಳೆ ಇಡಿಯಾಗಿ ಚಿಮ್ಮಬೇಕು, ಸಿಪ್ಪೆ ಬೆರಳಲ್ಲೇ ಉಳಿಯಬೇಕು. ಜೋರು ಮಾಡಿದರೆ ಬೇಳೆ ನಜ್ಜುಗುಜ್ಜು. "ಅವಸರ ಬೇಡ ಕಣಪ್ಪಾ, ಕಾಳೇ ದಾರಿ ಬಿಡ್ತದೆ" ಎನ್ನುತ್ತಿದ್ದಳು. ಹಿದುಕಲು ನೆರೆಮನೆಯವರೂ ಬಂದು ಕೂರುವರು. ಹೋಗುವಾಗ ಪ್ರತಿಯೊಬ್ಬರಿಗೂ ಬಟ್ಟಲು ತುಂಬ ಸಾರು. ಸಿಪ್ಪೆ ಹಸುವಿಗೆ. ಬಿಸಿ ರಾಗಿಮುದ್ದೆಯ ಜೊತೆ ಈ ಸಾರಿಗೆ ಸಮನಾದ ಊಟ ಕೋಲಾರ ಸೀಮೆಯಲ್ಲಿ ಇನ್ನೊಂದಿಲ್ಲ. ಹಿದುಕಿದ ಬೇಳೆ ಈಗ ಅಂಗಡಿಯಲ್ಲೂ ಸಿಗುತ್ತದೆ, ನಿಜ. ಆದರೂ ಈ ಚಳಿಗಾಲದಲ್ಲಿ ಒಮ್ಮೆ ಮನೆಯ ಹಿರಿಯರ ಪಕ್ಕ ಕೂತು ನೀವೇ ಹಿದುಕಿ ನೋಡಿ.