ಸ್ಮೂದಿ ಬಟ್ಟಲು: ಸೇಡಂ ಸೀಮೆಯ ಅಡುಗೆಮನೆಯಲ್ಲಿ ಒಂದು ಪರೀಕ್ಷೆ

ಹೆಪ್ಪುಗಟ್ಟಿಸಿದ ಹಣ್ಣಿನ ಹೋಳುಗಳನ್ನು ಮೊಸರು ಅಥವಾ ಹಾಲಿನೊಡನೆ ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಅರೆದು, ಅಗಲವಾದ ಬಟ್ಟಲಿಗೆ ಸುರಿದು, ಮೇಲೆ ಹೆಚ್ಚಿದ ಹಣ್ಣು, ಹುರಿದ ಕಾಳು, ಬೀಜಗಳನ್ನು ಹರಡಿಕೊಂಡು ತಿನ್ನುವ ತಿನಿಸಿಗೆ ಸ್ಮೂದಿ ಬೌಲ್ ಎನ್ನುತ್ತಾರೆ. ಇದರ ಮೂಲ ಬ್ರೆಜಿಲ್‌ನ ಅಸಾಯಿ ಬಟ್ಟಲು. ಅಮೆಜಾನ್ ನದಿಯ ಮುಖಜ ಪ್ರದೇಶವಾದ ಪಾರಾ ರಾಜ್ಯದಲ್ಲಿ ಅಸಾಯಿ ಎಂಬ ತಾಳೆಜಾತಿಯ ಮರದ ಕಡುನೇರಳೆ ಹಣ್ಣಿನ ತಿಳ್ಳನ್ನು ಮರಗೆಣಸಿನ ಹಿಟ್ಟು ಮತ್ತು ಮೀನಿನೊಡನೆ, ಬಹುಮಟ್ಟಿಗೆ ಸಿಹಿಯಿಲ್ಲದೆ ಉಣ್ಣುವ ರೂಢಿಯಿದೆ. ಅದೇ ಹಣ್ಣು ರಿಯೊ ಡಿ ಜನೈರೊದ ಕಡಲತೀರಕ್ಕೆ ಬಂದಾಗ ಸಕ್ಕರೆ ಪಾಕ, ಬಾಳೆಹಣ್ಣು ಮತ್ತು ಗ್ರಾನೋಲಾ, ಅಂದರೆ ಜೇನು ಮತ್ತು ಎಣ್ಣೆ ಸವರಿ ಬೇಯಿಸಿದ ಓಟ್ಸ್, ಅದರ ಜೊತೆಗೂಡಿದವು. ಅಲ್ಲಿಂದ ಹವಾಯಿ, ಕ್ಯಾಲಿಫೋರ್ನಿಯಾಗಳನ್ನು ದಾಟಿ, ಫೋಟೊ ಹಂಚಿಕೊಳ್ಳುವ ತಾಣಗಳ ಮೂಲಕ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಹೀಗೆ ಸಾಗಿದೆಡೆಯೆಲ್ಲ ರೂಪ ಬದಲಿಸುತ್ತಲೇ ಬಂದಿರುವ ತಿನಿಸನ್ನು ಕಲಬುರಗಿ ಜಿಲ್ಲೆಯ ಮನೆಯೊಂದು ಇನ್ನೊಮ್ಮೆ ಬದಲಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಬದಲಿಸದೆ ನಕಲು ಮಾಡುವುದರಲ್ಲಿಯೇ ತೊಂದರೆಯಿದೆ ಎಂಬುದು ಈ ವಿಮರ್ಶೆಯ ನಿಲುವು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಹಣ್ಣನ್ನು ಕಿವುಚಿ ಬಟ್ಟಲಲ್ಲಿ ಬಡಿಸುವುದು ಹೊಸತಲ್ಲ. ಮಾವು ಅಥವಾ ಬಾಳೆಯ ಹಣ್ಣನ್ನು ಹಾಲು, ಸಕ್ಕರೆ ಇಲ್ಲವೆ ಬೆಲ್ಲ, ಏಲಕ್ಕಿಗಳೊಡನೆ ಕಲಸಿದ ಶೀಕರಣೆ ಚಪಾತಿ, ಹೋಳಿಗೆಗಳ ಜೊತೆಗೆ ಉತ್ತರ ಕರ್ನಾಟಕದುದ್ದಕ್ಕೂ ಬಳಕೆಯಲ್ಲಿದೆ. ರಂಜಾನ್ ತಿಂಗಳ ಇಫ್ತಾರಿನಲ್ಲಿ ಹೆಚ್ಚಿದ ಹಣ್ಣಿನ ತಟ್ಟೆಗೆ ಖಾಯಂ ಸ್ಥಾನವಿದೆ. ಹೊರಗಿನ ಹಣ್ಣು ಬರುವುದೂ ಹೊಸತಲ್ಲ, ಏಕೆಂದರೆ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ ತೆರೆದದ್ದು 1874ರಲ್ಲಿ, ಮತ್ತು ಹೈದರಾಬಾದ್ ಸೀಮೆಯವರು ಬೇನಿಶಾನ್ ಎಂದು ಕರೆಯುವ ಮಾವು ಈ ಕಡೆಯವರಿಗೂ ಪರಿಚಿತವೇ. ಆದುದರಿಂದ ಹೊಸ ಬಟ್ಟಲನ್ನು ಶೀಕರಣೆಯ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಾದ ಕ್ರಮ. ಹಾಗೆ ತೂಗಿದಾಗ ಶೀಕರಣೆಯೇ ಎಲ್ಲದರಲ್ಲೂ ಮೇಲೆಂದು ಹೇಳಲಾಗದು: ಚೆನ್ನಾಗಿ ಪಕ್ವವಾದ ಮಾವಿಗೆ ಮತ್ತೆ ಸಕ್ಕರೆ ಬೆರೆಸುವುದು ಅದರ ಹಳೆಯ ದೋಷ, ಅಗಿಯುವಂಥದ್ದೇನೂ ಅದರಲ್ಲಿ ಇಲ್ಲದಿರುವುದು ಕೊರತೆ. ಮೊಸರಿನ ಹುಳಿ, ಬೀಜಗಳ ಗರಿಗರಿ, ಒಂದಕ್ಕಿಂತ ಹೆಚ್ಚು ಹಣ್ಣುಗಳ ಕೂಟ, ಇವು ಸ್ಮೂದಿ ಬಟ್ಟಲು ತಂದಿರುವ ನಿಜವಾದ ಸೇರ್ಪಡೆಗಳು.

ಆರೋಗ್ಯದ ಹೆಸರಿನಲ್ಲಿ ಅದಕ್ಕೆ ಸಲ್ಲುತ್ತಿರುವ ಹೊಗಳಿಕೆಯನ್ನು ಮಾತ್ರ ಲೆಕ್ಕ ಹಾಕಿಯೇ ಒಪ್ಪಬೇಕಾಗುತ್ತದೆ. ಚಿತ್ರಗಳಲ್ಲಿ ಕಾಣುವ ಮಾದರಿಯ ಬಟ್ಟಲಿಗೆ ಎರಡು ಬಾಳೆಹಣ್ಣು, ಒಂದು ದೊಡ್ಡ ಕಪ್ ಮಾವಿನ ಹೋಳು, ಒಂದು ದೊಡ್ಡ ಚಮಚ ಜೇನು ಸೇರಿದರೆ ಸಕ್ಕರೆಯಂಶ ಸುಮಾರು 60 ಗ್ರಾಂ ಮುಟ್ಟುತ್ತದೆ. ಗ್ರಾನೋಲಾದ ಸಿಹಿ ಈ ಲೆಕ್ಕದ ಹೊರಗಿನದು. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಮುಕ್ತ ಸಕ್ಕರೆಯನ್ನು, ಎಂದರೆ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆಯನ್ನು, ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಿಸಲು ಹೇಳಿದೆ. 2000 ಕಿಲೊಕ್ಯಾಲರಿ ಆಹಾರಕ್ಕೆ ಅದು 50 ಗ್ರಾಂ ಆಗುತ್ತದೆ. ಇಡಿಯಾಗಿ ತಿಂದ ಹಣ್ಣಿನ ಸಕ್ಕರೆ ಆ ಮಿತಿಗೆ ಒಳಪಡುವುದಿಲ್ಲ. ಅರೆದ ಹಣ್ಣಿನ ವಿಷಯದಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಕಠಿಣವಾಗಿದ್ದು, ಹಣ್ಣಿನ ರಸ ಮತ್ತು ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿಲಿಲೀಟರ್ ಸಾಕೆನ್ನುತ್ತದೆ. ಹಿಂಡಿ ಸೋಸಿದ ರಸದಲ್ಲಿ ನಾರು ಹೋಗುವಂತೆ ಅರೆದ ಹಣ್ಣಿನಲ್ಲಿ ಹೋಗುವುದಿಲ್ಲವೆಂಬುದು ನಿಜವಾದರೂ, ನಾಲ್ಕು ಹಣ್ಣು ಅಗಿದು ತಿನ್ನಲಾರದವರು ನಾಲ್ಕು ಹಣ್ಣಿನ ತಿಳ್ಳನ್ನು ಐದು ನಿಮಿಷದಲ್ಲಿ ಮುಗಿಸಬಲ್ಲರು ಎಂಬುದೂ ಅಷ್ಟೇ ನಿಜ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಇದೆ. ಈ ಅಳತೆಯನ್ನು ಮುಂದಿಟ್ಟುಕೊಂಡು ನೋಡಿದರೆ ಒಬ್ಬರ ಬಟ್ಟಲಿಗೆ 100ರಿಂದ 120 ಗ್ರಾಂ ಹಣ್ಣು, ಅಷ್ಟೇ ಗಟ್ಟಿ ಮೊಸರು, ಜೇನು ಬೆಲ್ಲಗಳ ಗೈರುಹಾಜರಿ, ಇಷ್ಟು ಶಿಸ್ತು ಅಗತ್ಯ. ಮಧುಮೇಹವುಳ್ಳವರಿಗೆ ಅರೆಯದ ಹಣ್ಣೇ ಲೇಸು.

ಬಟ್ಟಲಿನ ಬಣ್ಣ ಬರಿಯ ಅಲಂಕಾರವಲ್ಲ ಎಂಬ ವಾದದಲ್ಲಿ ತಿರುಳಿದೆ. ಮಾವು, ಪಪ್ಪಾಯಿಗಳ ಹಳದಿಗೆ ದೇಹವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಕ್ಯಾರೊಟಿನ್ ವರ್ಗದ ಬಣ್ಣದ್ರವ್ಯಗಳು, ಕಲ್ಲಂಗಡಿಯ ಕೆಂಪಿಗೆ ಲೈಕೋಪೀನ್, ನೇರಳೆ ಹಣ್ಣಿನ ಕಪ್ಪುನೇರಳೆಗೆ ಆಂಥೋಸಯಾನಿನ್ ಕಾರಣ. ಇವುಗಳಲ್ಲಿ ಮೊದಲೆರಡು ಕೊಬ್ಬಿನಂಶ ಜೊತೆಗಿದ್ದಾಗ ಚೆನ್ನಾಗಿ ಹೀರಲ್ಪಡುತ್ತವೆಯಾದ್ದರಿಂದ ಶೇಂಗಾ, ಅಗಸಿಗಳು ಮೇಲೆ ಬೀಳುವುದಕ್ಕೆ ರುಚಿಯಾಚೆಗೂ ಅರ್ಥವಿದೆ. ಆದರೆ ಎಲ್ಲ ಬಣ್ಣವನ್ನೂ ಒಂದೇ ಜಾರಿಗೆ ಹಾಕಿ ಅರೆದರೆ ದೊರಕುವುದು ಮಾಸಲು ಕಂದು. ಬಾಳೆಹಣ್ಣನ್ನು ಕಪ್ಪಾಗಿಸುವ ಕಿಣ್ವವು ಜೊತೆಗೆ ಅರೆದ ಬೆರಿ ಜಾತಿಯ ಹಣ್ಣುಗಳ ಫ್ಲಾವನಾಲ್ ಎಂಬ ಉಪಯುಕ್ತ ಅಂಶವನ್ನು ಬಹಳವಾಗಿ ತಗ್ಗಿಸುತ್ತದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2023ರಲ್ಲಿ ಪ್ರಕಟಿಸಿದ್ದಾರೆ. ಅರೆಯುವುದು ಒಂದೇ ಬಣ್ಣದ ಹಣ್ಣಾಗಲಿ, ಉಳಿದವು ಹೋಳಾಗಿ ಮೇಲಿರಲಿ ಎಂಬ ಕ್ರಮ ನೋಟಕ್ಕೂ ಪೋಷಣೆಗೂ ಒಪ್ಪುತ್ತದೆ.

ತಯಾರಿಕೆಯಲ್ಲಿ ದೊಡ್ಡ ತೊಡಕು ಹೆಪ್ಪುಗಟ್ಟಿಸುವುದೇ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ಭಾಗದಲ್ಲಿ ಕರೆಂಟ್ ಹೋದರೆ ಫ್ರಿಜ್‌ನ ಹಣ್ಣು ನೀರೊಡೆಯುತ್ತದೆ. ಕಲ್ಲಿನಂತೆ ಗಟ್ಟಿಯಾದ ಹೋಳುಗಳನ್ನು ಚಟ್ನಿ ಅರೆಯುವ ಮಿಕ್ಸರ್‌ಗೆ ನೇರವಾಗಿ ಹಾಕಿದರೆ ಬ್ಲೇಡಿಗೂ ಮೋಟರಿಗೂ ಪೆಟ್ಟು. ಹೋಳುಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹೊರತೆಗೆದು ಕೆಲವು ನಿಮಿಷ ಬಿಟ್ಟು, ತಡೆತಡೆದು ತಿರುಗಿಸುವುದು ಒಂದು ದಾರಿ. ಇದಕ್ಕಿಂತ ಉತ್ತಮವಾದದ್ದು, ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಆ ಗಟ್ಟಿತನವನ್ನೇ ಆಧಾರವಾಗಿಸಿಕೊಂಡು ಹಣ್ಣನ್ನು ಬೆರೆಸುವ ದಾರಿ. ಇದಕ್ಕೆ ಫ್ರೀಜರ್ ಬೇಡ. ಚಿಂಚೋಳಿಯ ಕುರುಚಲು ಗುಡ್ಡಗಳ ಸೀತಾಫಲವಂತೂ ತಾನಾಗಿಯೇ ಕೆನೆಯಂತೆ ನಿಲ್ಲುವ ಹಣ್ಣು, ಮಳೆಗಾಲದ ಕೊನೆಯಲ್ಲಿ ಬರುವ ಅದಕ್ಕೆ ಮಿಕ್ಸರ್ ಕೂಡ ಅನಗತ್ಯ. ಅದರ ಬೀಜಗಳು ವಿಷಕಾರಿಯಾದ್ದರಿಂದ ಒಂದೂ ಉಳಿಯದಂತೆ ಕೈಯಿಂದ ಬಿಡಿಸಬೇಕು, ಯಾವ ಕಾರಣಕ್ಕೂ ಬೀಜಸಹಿತ ಅರೆಯಬಾರದು. ಅನಾನಸನ್ನು ಮೊಸರಿನೊಡನೆ ಅರೆದಿಟ್ಟರೆ ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿಯಾಗಿಸುತ್ತದೆ. ಅರೆ ಮಾಗಿದ ಪಪ್ಪಾಯಿಯೂ ಹಾಗೆಯೇ. ಕಲಸಿದ ಕೂಡಲೇ ತಿನ್ನುವುದು ಇದಕ್ಕೆ ಪರಿಹಾರ.

ಮೇಲೆ ಹರಡುವ ವಸ್ತುಗಳ ಆಯ್ಕೆಯಲ್ಲಿ ಈ ಸೀಮೆಯ ಅಡುಗೆಮನೆ ಆಮದು ಮಾದರಿಗಿಂತ ಸ್ಪಷ್ಟವಾಗಿ ಮುಂದಿದೆ. ನಾಗರಪಂಚಮಿಗೆಂದು ಹುರಿಯುವ ಜೋಳದ ಅಳ್ಳು ಗ್ರಾನೋಲಾದ ಗರಿಗರಿಯನ್ನು ಎಣ್ಣೆ, ಜೇನುಗಳ ಹಂಗಿಲ್ಲದೆ ಕೊಡುತ್ತದೆ; ನೀರಿನಂಶಕ್ಕೆ ಬೇಗ ಮೆತ್ತಗಾಗುವುದರಿಂದ ಕೊನೆಯ ಗಳಿಗೆಯಲ್ಲಿ ಉದುರಿಸಿದರಾಯಿತು. ಚಿಯಾ ಬೀಜಕ್ಕೆ ತೆರುವ ಬೆಲೆಗೆ ಪ್ರತಿಯಾಗಿ ಹುರಿದು ಕುಟ್ಟಿದ ಅಗಸಿ ಮನೆಯಲ್ಲಿಯೇ ಇದೆ, ಮತ್ತು ಅದರಲ್ಲಿಯೂ ಒಮೆಗಾ-3 ವರ್ಗದ ಕೊಬ್ಬಿದೆ. ಇಡಿಯಾಗಿ ನುಂಗಿದ ಅಗಸಿ ಜೀರ್ಣವಾಗದೆ ಹೊರಹೋಗುವುದರಿಂದ ಹಿಂಡಿ ಎಂಬ ಚಟ್ನಿಪುಡಿಗೆ ಕುಟ್ಟುವ ರೂಢಿಯೇ ಸರಿಯಾದದ್ದು. 20 ಗ್ರಾಂ ಹುರಿದ ಶೇಂಗಾ ಸುಮಾರು 5 ಗ್ರಾಂ ಪ್ರೋಟೀನ್ ಸೇರಿಸುತ್ತದೆ. ಗುರೆಳ್ಳು ಹಾಕಿದರೆ ಅದರ ಖಮ್ಮನೆಯ ಕಹಿ ಮಾವಿನ ಸಿಹಿಯನ್ನು ಹದಕ್ಕೆ ತರುತ್ತದೆ.

ಇಷ್ಟಾದರೂ ಬಟ್ಟಲೊಂದರಲ್ಲಿ ಪ್ರೋಟೀನ್ ಹತ್ತು ಗ್ರಾಂ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಶಹಾಬಾದಿನ ಕಲ್ಲುಗಣಿಯಲ್ಲಿ ಪರಸಿ ಎಬ್ಬಿಸುವವರಿಗೆ, ಚಿತ್ತಾಪುರದ ತೊಗರಿ ಹೊಲದಲ್ಲಿ ದುಡಿಯುವವರಿಗೆ ಇದನ್ನು ಊಟದ ಬದಲಿಯೆಂದು ಹೇಳುವುದು ಸರಿಯಲ್ಲ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪಲ್ಯಗಳ ಜಾಗ ಅವಕ್ಕೇ ಸಲ್ಲಬೇಕು. ಬೇಸಿಗೆಯ ಸಂಜೆಗೆ, ಶಾಲೆಯಿಂದ ಬಂದ ಮಕ್ಕಳಿಗೆ, ಇಫ್ತಾರಿನ ತಟ್ಟೆಗೆ ಇದು ಯೋಗ್ಯ ತಿನಿಸು. ಹೆಪ್ಪುಗಟ್ಟಿದ ವಿದೇಶಿ ಬೆರಿಯ ಪೊಟ್ಟಣವನ್ನು ಬಿಟ್ಟು ಸಂತೆಯಲ್ಲಿ ಆಯಾ ಹಂಗಾಮಿಗೆ ಬಂದ ಪೇರಲ, ಪಪ್ಪಾಯಿ, ನೇರಳೆ, ಸೀತಾಫಲಗಳನ್ನು ಕೊಂಡು, ಚೆನ್ನಾಗಿ ತೊಳೆದು, ಸಕ್ಕರೆಯ ಡಬ್ಬಿಯನ್ನು ಮುಚ್ಚಿಟ್ಟು ಮಾಡುವವರು ಇದನ್ನು ಧೈರ್ಯವಾಗಿ ಮಾಡಬಹುದು.